ಗುಂಡಯ್ಯನ ಗಡಿಗೆ ನುಡಿದದ್ದು ಹೇಗೆ?

ಬೇಸಿಗೆಯಲ್ಲಿ ತಾರ್ನಾಕದ ರಸ್ತೆಬದಿ ಮಡಕೆ ಕೊಳ್ಳಲು ನಿಂತಿದ್ದೆ. ‘ಕೊಟ್ಟಿ ಚೂಡಮ್ಮಾ’ ಅಂದಳು ಮಾರುವಾಕೆ. ಕನ್ನಡದ ಕಿವಿಗೆ ‘ಕೊಟ್ಟು ನೋಡು’ ಎಂದು ಕೇಳಿಸಿ ದುಡ್ಡು ತೆಗೆದೆ. ಆಕೆ ನಕ್ಕು, ಬೆರಳ ಗೆಣ್ಣಿನಿಂದ ಮಡಕೆ ತಟ್ಟಿ ತೋರಿಸಿದಳು. ತೆಲುಗಿನಲ್ಲಿ ಅದು ‘ತಟ್ಟಿ ನೋಡು’. ಒಂದು ಮಡಕೆ ಠಣ್ ಎಂದಿತು, ಇನ್ನೊಂದು ದಬ್ ಎಂದಿತು. ಠಣ್ ಎಂದದ್ದನ್ನು ಕೈಗಿಟ್ಟಳು.

ಅಂದು ರಾತ್ರಿ ಹರಿಹರನ ‘ಕುಂಬಾರ ಗುಂಡಯ್ಯನ ರಗಳೆ’ಯನ್ನು ಮತ್ತೆ ತೆರೆದೆ. ಗುಂಡಯ್ಯನ ಊರು ಭಲ್ಲುಂಕೆ, ಅಂದರೆ ಬೀದರ್ ದಾಟಿದರೆ ಸಿಗುವ ಇಂದಿನ ಭಾಲ್ಕಿ. 1956ರವರೆಗೆ ಅದೂ ತಾರ್ನಾಕವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಕಥೆ ಸರಳ: ಗುಂಡಯ್ಯ ಗಡಿಗೆ ಬಾರಿಸುತ್ತಾ ಕುಣಿಯುತ್ತಾನೆ, ಆ ನಾದಕ್ಕೆ ಸೋತು ಶಿವನೂ ಬಂದು ಕುಣಿಯುತ್ತಾನೆ. ಶಾಲೆಯಲ್ಲಿ ಇದನ್ನು ಪವಾಡವೆಂದು ಕೇಳಿದೆವು. ಈಗ ನಮ್ಮ ಸಭೆಗಳಲ್ಲಿ ‘ಕಾಯಕವೇ ಕೈಲಾಸ’ಕ್ಕೆ ಉದಾಹರಣೆಯಾಗಿ ಕೇಳುತ್ತೇವೆ: ಒಬ್ಬನೇ ಕೂತು ಮನಸ್ಸಿಟ್ಟು ದುಡಿ, ದೇವರು ಒಲಿಯುತ್ತಾನೆ. ಲ್ಯಾಪ್‌ಟಾಪ್ ಮುಂದೆ ಹಗಲಿರುಳು ಕೂರುವವರಿಗೆ ಹಿತವಾದ ಅರ್ಥ.

ಈ ಎರಡೂ ಓದುಗಳು ಆ ಠಣ್ ಸದ್ದನ್ನು ಮರೆಯುತ್ತವೆ. ಗಡಿಗೆ ತಟ್ಟುವುದು ಹರಿಹರ ಹುಟ್ಟಿಸಿದ ಚಮತ್ಕಾರವಲ್ಲ, ಕುಂಬಾರರ ನಿತ್ಯದ ಪರೀಕ್ಷೆ. ಸುಡದ ಗಡಿಗೆ ನುಡಿಯುವುದಿಲ್ಲ, ಬಿರುಕು ಬಿಟ್ಟದ್ದು ಸುಳ್ಳು ಹೇಳುವುದಿಲ್ಲ. ಕಸುಬಿನ ತಪಾಸಣೆಯೇ ಇಲ್ಲಿ ಸಂಗೀತವಾಗಿದೆ. ರಗಳೆಯ ದೊಡ್ಡ ಗೆಲುವು ಇದು.

ಆದರೆ ಗಡಿಗೆ ನುಡಿಯಬೇಕಾದರೆ ಆವಿಗೆ ಬೇಕು. ತಿಗರಿಯ ಮುಂದೆ ಒಬ್ಬ ಕೂತರೆ ಸಾಕು, ಆವಿಗೆಗೆ ಸಾಲದು. ಮಣ್ಣು ತಂದು ತುಳಿಯುವವರು, ಹಸಿ ಗಡಿಗೆ ಒಣಗಿಸುವವರು, ಸೌದೆ, ಬೆರಣಿ, ಹುಲ್ಲು ಹೊಂದಿಸಿ ಮೇಲೆ ಮಣ್ಣು ಮೆತ್ತುವವರು, ಬೆಂಕಿ ಕಾಯುವವರು ಬೇಕು. ಪಸೆ ಉಳಿದಿದ್ದರೆ ಆವಿಯೇ ಗಡಿಗೆಯನ್ನು ಒಡೆಯುತ್ತದೆ. ಸುಮಾರು 500–600 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆಯೇ ಅದು ಮತ್ತೆ ಕೆಸರಾಗದ ಗಡಿಗೆ. ಮನೆಯವರೆಲ್ಲ, ಕೆಲವೊಮ್ಮೆ ಕೇರಿಯೇ ಸೇರಿ ಮಾಡುವ ಕೆಲಸವಿದು.

ಹರಿಹರನ ಬೆಳಕು ಮಾತ್ರ ಗುಂಡಯ್ಯನೊಬ್ಬನ ಮೇಲೆ ಬೀಳುತ್ತದೆ. ಮಣ್ಣು, ತಿಗರಿ ಎಲ್ಲವೂ ಅವನ ದೇಹ-ಮನಸ್ಸುಗಳ ರೂಪಕವಾಗಿಬಿಡುತ್ತವೆ. ನನಗೆ ಕೊರತೆ ಕಾಣುವುದು ಇಲ್ಲಿಯೇ. ಅದನ್ನು ತುಂಬಲು ಗುಂಡಯ್ಯನ ಹೆಂಡತಿ ಕೇತಲದೇವಿಯ ಹೆಸರಿನಲ್ಲಿ ಉಳಿದಿರುವ ವಚನವನ್ನು ಪಕ್ಕದಲ್ಲಿಟ್ಟು ಓದಬೇಕು. ಆಕೆಯ ಮಾತು ಕುಣಿತದಿಂದಲ್ಲ, ಮಣ್ಣಿನ ಹದದಿಂದ ಶುರುವಾಗುತ್ತದೆ. ಹದ ಬಲ್ಲ ಕೈ ಮನೆಯಲ್ಲಿ ಇನ್ನೊಂದಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಕೊನೆಗೆ ಶಿವ ಗುಂಡಯ್ಯನನ್ನು ಕೈಲಾಸಕ್ಕೆ ಕರೆದೊಯ್ಯುತ್ತಾನೆ. ಊರು ಬಿಟ್ಟು ಬಂದ ನಮಗೆ ಈ ಮೇಲೇರುವಿಕೆ ಬಲು ಪರಿಚಿತ. ಒಬ್ಬ ಮೇಲೇರಿದ್ದನ್ನು ಎಲ್ಲರೂ ಹೊಗಳುತ್ತಾರೆ. ಭಲ್ಲುಂಕೆಯಲ್ಲಿ ಮುಂದಿನ ಆವಿಗೆಗೆ ಸೌದೆ ಜೋಡಿಸಿದವರು ಯಾರು ಎಂದು ರಗಳೆ ಕೇಳುವುದಿಲ್ಲ. ನಾವಾದರೂ ಕೇಳಬೇಕು.