ಕರೆಯೂ ಒತ್ತಾಯವೂ: ‘ಜೇನ್ ಏರ್’ ಕಾದಂಬರಿಯ ಒಂದು ಓದು

ಶಾರ್ಲಟ್ ಬ್ರಾಂಟೆಯ ‘ಜೇನ್ ಏರ್’ 1847ರಲ್ಲಿ ಪ್ರಕಟವಾದಾಗ ಬಾಸೆಲ್ ಮಿಷನರಿಗಳು ಮಂಗಳೂರಿಗೆ ಬಂದು ಹದಿಮೂರು ವರ್ಷಗಳಾಗಿದ್ದವು. ಅನಾಥ ಬಾಲಕಿಯೊಬ್ಬಳು ಬೆಳೆದು ಸ್ವತಂತ್ರ ವ್ಯಕ್ತಿಯಾಗುವ ಕಥೆಯೆಂದು ಇದನ್ನು ಸಾಮಾನ್ಯವಾಗಿ ಓದುತ್ತಾರೆ. ಆದರೆ ಇದರ ಉತ್ತರಾರ್ಧದಲ್ಲಿ ಸೇಂಟ್ ಜಾನ್ ರಿವರ್ಸ್ ಎಂಬ ಯುವಪಾದ್ರಿ ಸುವಾರ್ತಾಸೇವೆಗಾಗಿ ಭಾರತಕ್ಕೆ ಹೊರಡಲು ಸಿದ್ಧನಾಗಿ, ತನ್ನ ಪತ್ನಿಯಾಗಿ ಬರುವಂತೆ ಜೇನಳನ್ನು ಕರೆಯುತ್ತಾನೆ. ಅವನು ಹೊರಟ ದೇಶದಲ್ಲಿ, ಮಿಷನ್ ಕಟ್ಟಿದ ಸಭೆಗಳಲ್ಲಿ ಬೆಳೆದ ನಮಗೆ ಈ ಭಾಗವೇ ಕೃತಿಯ ಹೃದಯವೆಂದು ತೋರುತ್ತದೆ.

ದೇವರ ಹೆಸರೆತ್ತಿ ಜೇನಳನ್ನು ಆಳಬಯಸುವವರು ಇಬ್ಬರು. ಮೊದಲನೆಯವನು ಲೋವುಡ್ ಶಾಲೆಯ ಬ್ರಾಕಲ್‌ಹರ್ಸ್ಟ್. ಬಡ ಬಾಲಕಿಯರನ್ನು ಅರೆಹೊಟ್ಟೆಯಲ್ಲಿಟ್ಟು, ಅವರ ಕೂದಲನ್ನು ಕತ್ತರಿಸಲು ಅವನು ಆಜ್ಞಾಪಿಸುವ ಹೊತ್ತಿಗೇ ಅವನ ಹೆಂಡತಿ ಮಕ್ಕಳು ರೇಷ್ಮೆ, ಮಖಮಲ್ಲು ಧರಿಸಿ ಒಳಗೆ ಬರುತ್ತಾರೆ. ಬ್ರಾಂಟೆ ಇದನ್ನು ದೂರ ನಿಂತು ಕಲ್ಪಿಸಲಿಲ್ಲ. ಪಾದ್ರಿಯ ಮಗಳಾದ ಆಕೆ ಪಾದ್ರಿಗಳ ಹೆಣ್ಣುಮಕ್ಕಳಿಗೆಂದೇ ಇದ್ದ ಕೋವನ್ ಬ್ರಿಜ್ ಶಾಲೆಯಲ್ಲಿ ಓದಿದವಳು. ಅಲ್ಲಿ ಕಾಯಿಲೆಬಿದ್ದ ಆಕೆಯ ಇಬ್ಬರು ಅಕ್ಕಂದಿರು 1825ರಲ್ಲಿ ತೀರಿಕೊಂಡರು.

ಬ್ರಾಕಲ್‌ಹರ್ಸ್ಟನ ಕಪಟವನ್ನು ಖಂಡಿಸುವುದು ಸುಲಭ. ಸೇಂಟ್ ಜಾನ್ ಕಪಟಿಯಲ್ಲ. ತನ್ನ ಸುಖವನ್ನೂ ತ್ಯಜಿಸಿದವನು. ಜೇನಳ ಮೇಲೆ ಪ್ರೀತಿಯಿಲ್ಲದಿದ್ದರೂ ಆಕೆಯ ದುಡಿಮೆ ದೇವರಿಗೆ ಬೇಕೆನ್ನುತ್ತಾನೆ. ಒಪ್ಪದಿದ್ದರೆ ಆಕೆ ನಿರಾಕರಿಸುವುದು ದೇವರನ್ನೇ ಎಂದು ಎಚ್ಚರಿಸುತ್ತಾನೆ. ಸಹೋದರಿಯಂತೆ ಬಂದು ಜೊತೆಯಲ್ಲಿ ದುಡಿಯಲು ಜೇನ್ ಸಿದ್ಧಳು. ಪತ್ನಿಯಾಗಲು ಮಾತ್ರ ಒಲ್ಲಳು. ಈ ವ್ಯತ್ಯಾಸವನ್ನು ಅವನು ಒಪ್ಪುವುದಿಲ್ಲ.

ನಮ್ಮ ಚರಿತ್ರೆಗೂ ಇದು ಹೊರತಲ್ಲ. ಬಾಸೆಲ್ ಮಿಷನರಿಯ ವಿವಾಹಕ್ಕೆ ಸ್ವದೇಶದ ಸಮಿತಿಯ ಅನುಮತಿ ಬೇಕಿತ್ತು; ಸರಿಯಾಗಿ ಅರಿಯದ ವರನನ್ನು ಸೇರಲು ಕಡಲು ದಾಟಿ ಬಂದ ವಧುಗಳುಂಟು. ಅವರ ಭಕ್ತಿಯನ್ನು ಸಂಶಯಿಸಬೇಕಾಗಿಲ್ಲ. ಆದರೆ ಇದು ದೇವರ ಕರೆಯೋ, ಕರೆಯುವವನ ಅಗತ್ಯವೋ ಎಂಬ ಜೇನಳ ಪ್ರಶ್ನೆ ಅವರ ಪರವಾಗಿಯೂ ಕೇಳತಕ್ಕದ್ದು.

ಜೇನ್ ಕೊನೆಗೆ ಓಗೊಡುವುದು ರಾಚೆಸ್ಟರನ ಧ್ವನಿಗೆ. ಆದ್ದರಿಂದ ಆಕೆ ಸ್ವಂತ ಆಸೆಯನ್ನೇ ದೈವಪ್ರೇರಣೆಯೆಂದು ಭ್ರಮಿಸಿದಳೆಂಬ ಆಕ್ಷೇಪ ಬರಬಹುದು. ಆದರೆ ರಾಚೆಸ್ಟರನ ಪತ್ನಿ ಬದುಕಿದ್ದಾಳೆಂದು ತಿಳಿದ ಮರುದಿನವೇ ಅವನ ಮನೆ ಬಿಟ್ಟು ನಡೆದವಳೂ ಇವಳೇ. ಅಂದು ಮೋಹಕ್ಕೆ ಮಣಿಯದ ಮನಸ್ಸಾಕ್ಷಿಯೇ ಈಗ ಹೊರಿಸಿದ ಕರ್ತವ್ಯಕ್ಕೂ ಮಣಿಯಲಿಲ್ಲ. ಧ್ವನಿ ಕೇಳುವ ಮುನ್ನ ಆಕೆ ದಾರಿ ತೋರುವಂತೆ ಪ್ರಾರ್ಥಿಸಿದ್ದನ್ನೂ ಮರೆಯಲಾಗದು.

ಕೃತಿಗೆ ಮಿತಿಗಳಿವೆ. ಭಾರತ ಇಲ್ಲಿ ಸೇಂಟ್ ಜಾನನ ತ್ಯಾಗದ ಕ್ಷೇತ್ರ ಮಾತ್ರ. ಇಲ್ಲಿನ ಒಬ್ಬ ಮನುಷ್ಯನಿಗೂ ಅದರಲ್ಲಿ ಮುಖವಿಲ್ಲ. ಜಮೈಕಾದಿಂದ ತಂದು ಕೂಡಿಹಾಕಿದ ಬರ್ತಾಳಿಗೆ ತನ್ನ ಕಥೆ ಹೇಳುವ ಅವಕಾಶವಿಲ್ಲ. ಆದರೂ ಬ್ರಾಂಟೆ ಮಿಷನರಿಯನ್ನು ಹೀಗಳೆಯುವುದಿಲ್ಲ. ಕಾದಂಬರಿಯ ಕಡೆಯ ಸಾಲುಗಳನ್ನು ಮರಣವನ್ನು ಎದುರುನೋಡುವ ಅವನಿಗೇ, ಪ್ರಕಟನೆ ಗ್ರಂಥದ ಕೊನೆಯ ಪ್ರಾರ್ಥನೆಗೇ ಬಿಟ್ಟುಕೊಡುತ್ತಾಳೆ. ಅವನಿಗೆ ಬಂದ ಕರೆ ನಿಜ; ಅದನ್ನೇ ಜೇನಳ ಕರೆಯೆಂದು ಸಾಧಿಸಿದ್ದು ತಪ್ಪು.

ದಿಕ್ಕಿಲ್ಲದವರನ್ನು ಪರಾಮರಿಸುವುದು ಶುದ್ಧಭಕ್ತಿಯೆಂದು ಯಾಕೋಬನು ಕಲಿಸುತ್ತಾನೆ. ಆ ಪರಾಮರಿಕೆಯಲ್ಲಿರುವವಳಿಗೆ ಬೇಡವೆನ್ನುವುದು ಸುಲಭವಲ್ಲ. ಸೇಂಟ್ ಜಾನ್ ಕೇಳುವ ಹೊತ್ತಿಗೆ ಜೇನಳಿಗೆ ಚಿಕ್ಕಪ್ಪನ ಆಸ್ತಿಯಲ್ಲಿ ಪಾಲಿತ್ತು. ನಿರಾಕರಿಸಿದರೂ ನಿಲ್ಲಲು ನೆಲೆಯಿತ್ತು. ನಮ್ಮ ವಸತಿನಿಲಯದ ಅನಾಥ ಬಾಲಕಿಗೆ ಅದಿಲ್ಲ. ಆದಕಾರಣ ‘ಇದು ದೇವರ ಚಿತ್ತ’ ಎಂದು ಅವಳಿಗೆ ಹೇಳುವ ಸಭಾಪಾಲಕನು, ಬೇಡವೆಂದರೂ ಅವಳ ಅನ್ನ, ಆಸರೆ, ಓದು ತಪ್ಪದೆಂಬ ಭರವಸೆಯನ್ನು ಮೊದಲು ಕೊಡಲಿ.