ಪಿಯಾನೋ ನುಡಿಸಿದವರು ಯಾರು?

ದೊಡ್ಡ ವಿಜ್ಞಾನಿಯ ಪುಸ್ತಕವೆಂದರೆ ಅದು ನಮಗಲ್ಲ ಎಂದು ಬದಿಗಿಡುವವರು ನಮ್ಮಲ್ಲಿ ಬಹಳ. ಚಾರ್ಲ್ಸ್ ಡಾರ್ವಿನ್ ತಾನು ತೀರಿಕೊಳ್ಳುವ ಹಿಂದಿನ ವರ್ಷ, 1881ರಲ್ಲಿ, ಎರೆಹುಳುಗಳ ಬಗ್ಗೆ ಬರೆದ ಪುಸ್ತಕವನ್ನು ಹಾಗೆ ಬದಿಗಿಟ್ಟರೆ ನಷ್ಟ ನಮ್ಮದೇ. ಅದರಲ್ಲಿ ಬರುವ ಸಲಕರಣೆಗಳನ್ನು ನೋಡಿ: ಮಣ್ಣು ತುಂಬಿದ ಕುಂಡ, ದೀಪ, ಕೋಸಿನ ಎಲೆ, ಈರುಳ್ಳಿ, ಕಾಗದದ ಚೂರು. ಯಾವುದು ನಮ್ಮ ಮನೆಯಲ್ಲಿಲ್ಲ?

ಇಂಗ್ಲೆಂಡಿನ ಡೌನ್ ಎಂಬ ಹಳ್ಳಿಯ ಮನೆಯಲ್ಲಿ ಈ ಪ್ರಯೋಗಗಳು ನಡೆದವು. ಹುಳುಗಳಿಗೆ ಕಿವಿ ಕೇಳುತ್ತದೆಯೇ? ಸೀಟಿ ಊದಿದರು, ಕೂಗಿದರು, ಕುಂಡವನ್ನು ಪಿಯಾನೋದ ಪಕ್ಕದ ಮೇಜಿನ ಮೇಲಿಟ್ಟು ಗಟ್ಟಿಯಾಗಿ ನುಡಿಸಿದರು. ಹುಳುಗಳು ಜಗ್ಗಲಿಲ್ಲ. ಕುಂಡವನ್ನು ಪಿಯಾನೋದ ಮೇಲೆಯೇ ಇಟ್ಟು ಒಂದು ಸ್ವರ ಒತ್ತಿದಾಗ ತಟ್ಟನೆ ಬಿಲ ಸೇರಿದವು. ಅವಕ್ಕೆ ಸದ್ದು ಕೇಳದು, ಕಂಪನ ತಿಳಿಯುತ್ತದೆ.

ನನಗೆ ಇನ್ನೂ ಹಿಡಿಸಿದ್ದು ಶಾಖದ ಪ್ರಯೋಗ. ಕಾದ ಸಲಾಕೆಯನ್ನು ಹುಳುಗಳ ಬಳಿ ಹಿಡಿದದ್ದು ಎಷ್ಟು ದೂರದಲ್ಲಿ? ತನ್ನ ಕೈಗೆ ಬೆಚ್ಚಗೆನಿಸುವಷ್ಟು ದೂರದಲ್ಲಿ. ಹುಳುವಿಗೆ ಓಡಿಹೋಗಲು ಬಿಲವಿತ್ತು. ಅದು ಓಡಿದ್ದೇ ಉತ್ತರವಾಯಿತು. ಪಿಯುಸಿಯಲ್ಲಿ ನಾವು ಕಂಡ ಎರೆಹುಳು ಮೇಣದ ತಟ್ಟೆಯ ಮೇಲೆ ಗುಂಡುಸೂಜಿಗಳ ನಡುವೆ ಸತ್ತು ಬಿದ್ದಿತ್ತು. ಅದರ ಒಡಲಿನ ಚಿತ್ರ ಬರೆದು ಅಂಕ ಪಡೆದೆವು. ಅದಕ್ಕೆ ಏನು ಇಷ್ಟ, ಏನು ಬೇಡ ಎಂಬ ಪ್ರಶ್ನೆಯೇ ಏಳಲಿಲ್ಲ.

ಪುಸ್ತಕದ ಬಗ್ಗೆ ನನಗೊಂದು ತಕರಾರೂ ಇದೆ. 'ಪಿಯಾನೋ ನುಡಿಸಲಾಯಿತು' ಎಂಬ ಧಾಟಿಯಲ್ಲಿ ಅಲ್ಲಿ ಬರೆದಿದೆ. ಯಾರು ನುಡಿಸಿದರು? ಆ ಮನೆಯಲ್ಲಿ ಪಿಯಾನೋ ಹೆಂಡತಿ ಎಮ್ಮಾಳದು. ಹುಳುಗಳ ಊಟದ ರುಚಿಯನ್ನೂ ಬರೆದಿಟ್ಟ ಲೇಖನಿಗೆ ಆ ವಾಕ್ಯದಲ್ಲಿ ಅವಳ ಹೆಸರು ಬೇಕೆನಿಸಲಿಲ್ಲ. ಅಡುಗೆ ಮಾಡಲಾಯಿತು, ಬಡಿಸಲಾಯಿತು ಎಂಬಂತೆಯೇ ಇದೂ. ನಮಗೆ ಈ ವ್ಯಾಕರಣ ಹೊಸದಲ್ಲ.

ನಮ್ಮ ಹಿತ್ತಲಲ್ಲೂ ಈಗ ಎರಡು ಕುಂಡಗಳಿವೆ. ನಾಲ್ಕೈದು ಹುಳು ಸಾಕು. ಮಣ್ಣು ತೇವವಾಗಿರಲಿ, ನೆರಳಿರಲಿ. ಸಲಾಕೆಯ ಪ್ರಯೋಗ ಮಕ್ಕಳ ಕೈಗೆ ಬೇಡ. ಮಣ್ಣು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಬೇಕು. ನೋಡಿದ್ದು ಮುಗಿದ ಮೇಲೆ ಹುಳುಗಳನ್ನು ತಂದ ಜಾಗಕ್ಕೇ ಬಿಡಬೇಕು. ಕೋಸಿನ ಎಲೆಯ ಚೂರನ್ನು ಮಣ್ಣಿನಲ್ಲಿ ಹೂತು, ಎಷ್ಟು ದಿನಕ್ಕೆ ಹುಡುಕಿ ತಿನ್ನುತ್ತವೆ ಎಂದು ಬರೆದಿಡಿ. ತಾರೀಖಿನ ಜೊತೆಗೆ ಹೂತವರ ಹೆಸರೂ ಇರಲಿ.