ಟಿಕ್ ಹಾಕದ ಸಾಲು

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಆರ್ಡರ್ ಶೀಟ್ ಎಂದರೆ ಚೌಕಾಬಾರದ ಹಾಸಿನಂತೆ: ಉದ್ದಕ್ಕೆ ಬಣ್ಣಗಳು, ಅಡ್ಡಕ್ಕೆ ಸೈಜುಗಳು, ಮನೆಮನೆಯಲ್ಲೂ ಪೀಸಿನ ಲೆಕ್ಕ. ಬೆಳಿಗ್ಗೆ ನಾಲ್ಕು ಬಣ್ಣ ಎಂದ ಬೈಯರ್ ಸಂಜೆಗೆ ಐದನೆಯದನ್ನು ಸೇರಿಸುತ್ತಾನೆ. ಕಾಗದದಲ್ಲಾದರೆ ಒಂದು ಗೀಟು ಎಳೆದರಾಯಿತು. ವೆಬ್ ಪುಟದಲ್ಲೂ ಗುಂಡಿ ಒತ್ತಿದರೆ ಹೊಸ ಸಾಲು ಹುಟ್ಟುತ್ತದೆ. ಕಸುಬು ಇರುವುದು ಸಬ್‌ಮಿಟ್ ಒತ್ತಿದ ಮೇಲೆ, ಆ ಸಾಲನ್ನು ಸರ್ವರ್ ಓದಿಕೊಳ್ಳುವಲ್ಲಿ.

ಬ್ರೌಸರ್ ಚೌಕಗಳ ಚಿತ್ರವನ್ನೇನೂ ಕಳಿಸುವುದಿಲ್ಲ. ಪೆಟ್ಟಿಗೆಯ ಹೆಸರು, ಅದರೊಳಗಿನ ಮೌಲ್ಯ, ಹೆಸರು, ಮೌಲ್ಯ. ಅಷ್ಟೇ. ಹೆಸರಿಡದ ಪೆಟ್ಟಿಗೆಯಲ್ಲಿ ಎಷ್ಟು ತುಂಬಿದರೂ ಅದು ಹೋಗದು. 240 ಎಂಬುದು ಅಂಕಿಯಾಗಿ ಅಲ್ಲ, ಅಕ್ಷರಗಳಾಗಿ ಹೋಗುತ್ತದೆ. ಟಿಕ್ ಹಾಕದ ಚೆಕ್‌ಬಾಕ್ಸ್ ‘ಬೇಡ’ ಎನ್ನುವುದಿಲ್ಲ, ಬಾಯೇ ಬಿಡುವುದಿಲ್ಲ.

ಈ ಮೌನವೇ ಅಪಾಯ. ನೇವಿ, ಬಿಳಿ, ಮರೂನ್ ಎಂದು ಮೂರು ಸಾಲು ಇವೆ ಎನ್ನೋಣ. ನೇವಿಗೂ ಮರೂನಿಗೂ ‘ಪ್ರಿಂಟಿಂಗ್’ ಟಿಕ್ ಇದೆ, ಬಿಳಿಗಿಲ್ಲ. ಎಲ್ಲ ಸಾಲಿಗೂ ಒಂದೇ ಹೆಸರಿಟ್ಟಿದ್ದರೆ ಸರ್ವರಿಗೆ ಮೂರು ಲೆಕ್ಕ, ಎರಡು ಟಿಕ್ ಸಿಗುತ್ತವೆ. ಎರಡನೆಯ ಟಿಕ್ ಎರಡನೆಯ ಸಾಲಿಗೆ ಅಂಟಿಕೊಳ್ಳುತ್ತದೆ. ಬಿಳಿ ಬಟ್ಟೆ ಪ್ರಿಂಟಿಂಗಿಗೆ, ಮರೂನ್ ಬೋಳಾಗಿ ಹೊಲಿಗೆಗೆ! ಪ್ರೋಗ್ರಾಂ ಮಾತ್ರ ಒಂದು ದೋಷವನ್ನೂ ತೋರಿಸುವುದಿಲ್ಲ.

ಆದ್ದರಿಂದ ಪ್ರತಿ ಪೆಟ್ಟಿಗೆಯ ಹೆಸರಿನಲ್ಲೇ ಅದರ ಸಾಲಿನ ಗುರುತು ಇರಬೇಕು. ಬಣ್ಣದ ಹೆಸರನ್ನೇ ಗುರುತಾಗಿಸಬಹುದಲ್ಲ? ಆದರೆ ಈ ಕೊಯಮತ್ತೂರು ಸೀಮೆಯ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಒಳಗೆ ಕನ್ನಡ, ಬೀದಿಯಲ್ಲಿ ತಮಿಳು, ಫಾರ್ಮಿನಲ್ಲಿ ಇಂಗ್ಲಿಷ್. ಒಂದೇ ಬಣ್ಣಕ್ಕೆ ಮೂರು ಹೆಸರು. ಸಾಲಿನ ಸಂಖ್ಯೆಯೇ ವಾಸಿ. ನಡುವಿನ ಸಾಲನ್ನು ಅಳಿಸಿದರೆ 1ರ ನಂತರ 3 ಬರುತ್ತದೆ. ಬರಲಿ. ಎಷ್ಟು ಸಾಲೆಂದು ಎಣಿಸುತ್ತಾ ಹೋಗದೆ, ಬಂದಿದ್ದನ್ನೇ ಒಂದೊಂದಾಗಿ ಓದಿದರೆ ಸಾಕು.

ಡಾಟ್‌ನೆಟ್ ವೆಬ್ ಫಾರ್ಮ್ಸ್‌ನಲ್ಲಿ ಪಳಗಿದವರ ಗೋಳು ಬೇರೆ. ಅಲ್ಲಿ ಸರ್ವರ್ ಹುಟ್ಟಿಸಿದ ಸಾಲು ಪುಟ ಮರಳಿ ಬರುವಷ್ಟರಲ್ಲಿ ಮಾಯ. ಪ್ರತಿ ಸಲವೂ, ಬಂದಿದ್ದನ್ನು ಓದುವ ಮೊದಲೇ, ಅದೇ ಐಡಿಯೊಂದಿಗೆ ಅದನ್ನು ಮತ್ತೆ ಕಟ್ಟಬೇಕು.

ರಾಸ್ಮಸ್ ಲೆರ್ಡಾರ್ಫ್ ಹುಟ್ಟುಹಾಕಿದ ಪಿಎಚ್‌ಪಿ ಎಂಬ ಸರ್ವರ್ ಭಾಷೆಯ ಹಳೆಯ ಹೆಸರುಗಳಲ್ಲೊಂದರಲ್ಲಿ ‘ಫಾರ್ಮ್ಸ್ ಇಂಟರ್‌ಪ್ರಿಟರ್’ ಎಂಬ ಮಾತೇ ಇತ್ತು. ಫಾರ್ಮ್ ಓದುವುದೇ ಅದರ ಕುಲಕಸುಬು. ಆದರೂ 2012ರ ಜನವರಿಯ 5.3.9 ಆವೃತ್ತಿಯಿಂದ ಅದಕ್ಕೊಂದು ಮಿತಿ ಬಂತು: ತಾನಾಗಿ 1000 ಪೆಟ್ಟಿಗೆಗಳನ್ನಷ್ಟೇ ಓದುತ್ತದೆ. ಬೇಕೆಂದೇ ಹೆಣೆದ ಹೆಸರುಗಳ ರಾಶಿ ಸುರಿದು ಸರ್ವರನ್ನು ಏದುಸಿರು ಬಿಡಿಸುವ ದಾಳಿಗೆ ಹಾಕಿದ ಬೇಲಿ ಅದು. ತಿರುಪ್ಪೂರಿನ ಶೀಟಿಗೆ ಆ ಬೇಲಿ ತಗಲುವುದು ಕಷ್ಟವಲ್ಲ. 8 ಸ್ಟೈಲ್, 20 ಬಣ್ಣ, 7 ಸೈಜು ಎಂದರೆ 1120 ಮನೆ. ಕೊನೆಯ 120 ಮನೆಗಳಾದರೂ ಉದುರುತ್ತವೆ. ಲಾಗಿನಲ್ಲಿ ಒಂದು ಎಚ್ಚರಿಕೆ ಬಿದ್ದರೆ ಬಿದ್ದೀತು, ಅದನ್ನು ಓದುವವರು ಯಾರು?

ಮಿತಿಯನ್ನು ಏರಿಸಬಹುದು. ಜೊತೆಗೆ ಹಳೇ ಕ್ಲಾರ್ಕುಗಳ ಉಪಾಯವೂ ಇದೆ: ಒಟ್ಟು ಪೀಸು ಎಷ್ಟೆಂದು ಬ್ರೌಸರಿನಲ್ಲೇ ಕೂಡಿ, ಆ ಟೋಟಲನ್ನೂ ಕಳಿಸುವುದು, ಸರ್ವರ್ ಕೂಡಿದ ಲೆಕ್ಕ ತಾಳೆಯಾಗದಿದ್ದರೆ ಆರ್ಡರ್ ವಾಪಸ್. ಆದರೆ ಆ ಟೋಟಲ್ ಪೆಟ್ಟಿಗೆಯನ್ನು ಕಾಗದದ ರೂಢಿಯಂತೆ ಕೆಳಗೆ ಕೂರಿಸಬಾರದು, ಫಾರ್ಮಿನ ತಲೆಯಲ್ಲೇ ಇಡಬೇಕು. ಕೆಳಗಿಟ್ಟರೆ ಉದುರುವ ಮನೆಗಳ ಜೊತೆ ಅದೂ ಉದುರುತ್ತದೆ.